ಪಾಯಿಂಟ್ ಬಿಡಿ, ಪೈಸೆ ಎಣಿಸಿ

ಕ್ರೆಡಿಟ್ ಕಾರ್ಡ್‌ನ ರಿವಾರ್ಡ್ ಪಾಯಿಂಟ್, ಕ್ಯಾಶ್‌ಬ್ಯಾಕ್, ಹೊಸ ಕಾರ್ಡ್‌ಗೆ ಸಿಗುವ ಸ್ವಾಗತ ಬೋನಸ್ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಉದಾಹರಣೆಯ ಅಂಕಿಗಳು ಲೆಕ್ಕದ ರೀತಿ ತೋರಿಸಲಿಕ್ಕೆ ಮಾತ್ರ. ಅದೇ ಜಾಗದಲ್ಲಿ ನಿಮ್ಮ ಕಾರ್ಡ್‌ನ ದರಗಳನ್ನು ಹಾಕಿ ನೋಡಿಕೊಳ್ಳಿ.

ಪ್ರಶ್ನೆ: ಒಂದು ಕಾರ್ಡ್‌ನಲ್ಲಿ ₹100ಕ್ಕೆ 5 ಪಾಯಿಂಟ್, ವಾರ್ಷಿಕ ಶುಲ್ಕ ₹500. ಇನ್ನೊಂದರಲ್ಲಿ ₹200ಕ್ಕೆ 4 ಪಾಯಿಂಟ್, ಶುಲ್ಕ ₹1,500. ತಿಂಗಳಿಗೆ ಸುಮಾರು ₹15,000 ಖರ್ಚಿದೆ. ಮೊದಲನೆಯದೇ ಲಾಭ ಅಲ್ಲವೇ?

ಉತ್ತರ: ಪಾಯಿಂಟ್ ಎಷ್ಟು ಎನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಎಂದು ಮೊದಲು ಕೇಳಿ. ಮೊದಲನೆಯ ಕಾರ್ಡ್‌ನ ಪಾಯಿಂಟ್‌ಗೆ 20 ಪೈಸೆ ಬೆಲೆಯಿದ್ದರೆ ನೂರು ರೂಪಾಯಿಗೆ ಒಂದು ರೂಪಾಯಿ ವಾಪಸ್, ಅಂದರೆ 1%. ಎರಡನೆಯದರಲ್ಲಿ ವಿಮಾನ ಟಿಕೆಟ್ ಕೊಂಡರೆ ಪಾಯಿಂಟ್‌ಗೆ ₹1 ಸಿಗುತ್ತದೆ ಎಂದಿಟ್ಟುಕೊಳ್ಳಿ. ಆಗ ಅದು 2%.

ವರ್ಷದ ಖರ್ಚು ₹1,80,000. ಮೊದಲನೆಯದು ₹1,800 ಕೊಡುತ್ತದೆ. ಶುಲ್ಕಕ್ಕೆ 18% ಜಿಎಸ್‌ಟಿ ಸೇರಿ ₹590 ಹೋದರೆ ಕೈಗೆ ₹1,210. ಎರಡನೆಯದು ₹3,600 ಕೊಟ್ಟು ₹1,770 ತಿನ್ನುತ್ತದೆ, ಉಳಿಯುವುದು ₹1,830. ಇಲ್ಲಿಯವರೆಗೆ ಎರಡನೆಯದೇ ಮುಂದು. ಆದರೆ ನೀವು ವಿಮಾನವೇ ಹತ್ತದವರು, ಪಾಯಿಂಟ್‌ಗಳನ್ನು ಬಿಲ್‌ಗೆ ಹೊಂದಿಸಿಕೊಳ್ಳುತ್ತೀರಿ, ಆಗ ಪಾಯಿಂಟ್‌ಗೆ 30 ಪೈಸೆ ಮಾತ್ರ ಎಂದರೆ? ವರ್ಷಕ್ಕೆ ₹1,080 ಬಂದು ₹1,770 ಹೋಗುತ್ತದೆ, ₹690 ನಷ್ಟ. ಕಾರ್ಡ್ ಅದೇ, ಖರ್ಚೂ ಅದೇ. ಪಾಯಿಂಟ್ ಬಳಸುವ ದಾರಿ ಬದಲಾದದ್ದಕ್ಕೆ ಲಾಭ ಹೋಗಿ ನಷ್ಟ ಬಂತು.

ಇನ್ನೆರಡು ತೂತುಗಳಿವೆ. ₹15,000ದಲ್ಲಿ ₹5,000 ಪೆಟ್ರೋಲ್, ವಾಲೆಟ್ ಅಂಥದ್ದಕ್ಕೆ ಹೋಗುತ್ತಿದ್ದರೆ ಅದಕ್ಕೆ ಸಾಮಾನ್ಯವಾಗಿ ಪಾಯಿಂಟ್ ಇಲ್ಲ. ಆಗ ಮೊದಲನೆಯದರಲ್ಲಿ ₹610, ಎರಡನೆಯದರಲ್ಲಿ ಒಳ್ಳೆಯ ದಾರಿಯಲ್ಲೇ ಬಳಸಿದರೂ ₹630. ಹೆಚ್ಚು ಕಡಿಮೆ ಸಮ. ಎರಡನೆಯ ತೂತು ಬಿಡಿ ಮೊತ್ತದ್ದು. ಪ್ರತಿ ಬಿಲ್‌ಗೂ ಬೇರೆ ಬೇರೆ ಲೆಕ್ಕ ಹಾಕುವ ಕಾರ್ಡ್‌ನಲ್ಲಿ ‘₹200ಕ್ಕೆ 4’ ಎಂದರೆ ₹390ರ ಬಿಲ್‌ಗೂ 4 ಪಾಯಿಂಟೇ, ₹190ರ ಬಿಲ್‌ಗೆ ಸೊನ್ನೆ. ಸಣ್ಣ ಸಣ್ಣ ಬಿಲ್ ಮಾಡುವವರಿಗೆ ಕಾಗದದ ಮೇಲಿನ 2% ಕೈಗೆ ಬರುವಷ್ಟರಲ್ಲಿ ಒಂದೂಕಾಲು, ಒಂದೂವರೆಗೆ ಇಳಿದಿರುತ್ತದೆ. ನಿಮ್ಮ ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ಹರಡಿಕೊಂಡು ಯಾವ ಬಿಲ್‌ಗೆ ಎಷ್ಟು ಸಿಗುತ್ತಿತ್ತು ಎಂದು ಬರೆಯಿರಿ. ಅರ್ಧ ಗಂಟೆಯ ಕೆಲಸ. ಯಾವ ಜಾಹೀರಾತೂ ಹೇಳದ ಉತ್ತರ ಅದರಲ್ಲಿ ಸಿಗುತ್ತದೆ.

ಪಾಯಿಂಟ್ ಬಿಡಿಸಿಕೊಳ್ಳಲು ಪ್ರತಿ ಸಲ ₹99 ಮತ್ತು ಜಿಎಸ್‌ಟಿ ಕೀಳುವ ಕಾರ್ಡ್ ಆದರೆ ಆಗಾಗ ಬಿಡಿಸಿಕೊಳ್ಳಬೇಡಿ. ₹300ರ ಪಾಯಿಂಟ್ ಬಿಡಿಸಲು ₹117 ಕೊಡುವುದೆಂದರೆ ಬೆಟ್ಟ ಅಗೆದು ಇಲಿ ಹಿಡಿದಂತೆ.

ಪ್ರಶ್ನೆ: ‘60 ದಿನದಲ್ಲಿ ₹50,000 ಖರ್ಚು ಮಾಡಿದರೆ ₹2,000ದ ವೋಚರ್’ ಎಂದು ಹೊಸ ಕಾರ್ಡ್ ಮಾಡಿಸಿದೆ. ₹51,000ಕ್ಕೂ ಹೆಚ್ಚು ಖರ್ಚು ಮಾಡಿದ್ದೇನೆ. ವೋಚರ್ ಬಂದಿಲ್ಲ. ಕೇಳಿದರೆ ‘ಅರ್ಹತೆ ಇಲ್ಲ’ ಎನ್ನುತ್ತಾರೆ. ಇದು ಮೋಸವಲ್ಲವೇ?

ಉತ್ತರ: ಮೋಸ ಎನ್ನುವ ಮೊದಲು ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕಿ. ಹೀಗೆ ಕೈತಪ್ಪುವ ಬೋನಸ್‌ಗಳಲ್ಲಿ ಸಾಮಾನ್ಯವಾಗಿ ಇವುಗಳಲ್ಲೊಂದು ಕಾರಣ ಇರುತ್ತದೆ.

ದಿನ ಎಣಿಸುವುದು ಕಾರ್ಡ್ ನಿಮ್ಮ ಕೈಗೆ ಬಂದ ದಿನದಿಂದಲ್ಲ. ಬಹುಪಾಲು ಬ್ಯಾಂಕ್‌ಗಳಲ್ಲಿ ಕಾರ್ಡ್ ಮಂಜೂರಾದ ಅಥವಾ ಖಾತೆ ತೆರೆದ ದಿನದಿಂದ ಎಣಿಕೆ ಶುರು. ಕೊರಿಯರ್‌ಗೆ ಒಂದು ವಾರ ಹೋದರೆ ನಿಮ್ಮ 60 ದಿನ 53 ಆಯಿತು. ಕೊನೆಯ ದಿನ ಮಾಡಿದ ಖರ್ಚು ಖಾತೆಯಲ್ಲಿ ದಾಖಲಾಗಲು ಎರಡು ಮೂರು ದಿನ ಬೇಕು. ದಾಖಲಾದ ದಿನವನ್ನೇ ಲೆಕ್ಕಕ್ಕೆ ಹಿಡಿಯುವ ಕೊಡುಗೆಯಲ್ಲಿ ಅದು ಅವಧಿ ಮೀರಿದ ಖರ್ಚು. ಹಾಗಾಗಿ ಗುರಿಯನ್ನು ಒಂದು ವಾರ ಮೊದಲೇ ಮುಟ್ಟಿಬಿಡಿ.

ಯಾವ ಖರ್ಚು ಲೆಕ್ಕಕ್ಕೆ ಎನ್ನುವುದು ಎರಡನೆಯದು. ಇಂಧನ, ಮನೆ ಬಾಡಿಗೆ, ವಾಲೆಟ್‌ಗೆ ಹಾಕಿದ ಹಣ, ಎಟಿಎಂನಿಂದ ತೆಗೆದ ನಗದು, ಇಎಂಐಗೆ ಬದಲಾಯಿಸಿದ ಖರೀದಿ, ಬ್ಯಾಂಕಿನ ಶುಲ್ಕ ಮತ್ತು ಬಡ್ಡಿ, ಇವೆಲ್ಲ ಸಾಮಾನ್ಯವಾಗಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ಸ್ಟೇಟ್‌ಮೆಂಟ್‌ನ ಒಟ್ಟು ಮೊತ್ತದಲ್ಲಿ ಕಾಣಿಸುತ್ತವೆ, ಬೋನಸ್‌ನ ಗುರಿಯಲ್ಲಿ ಇರುವುದಿಲ್ಲ. ನಿಮ್ಮ ₹51,000ದಲ್ಲಿ ₹3,000 ಪೆಟ್ರೋಲ್ ಇದ್ದರೆ ₹48,000ಕ್ಕೆ ನಿಂತಿರಿ. ವಾಪಸ್ ಕೊಟ್ಟ ಸಾಮಾನಿನ ಹಣವೂ ಕಳೆದುಹೋಗುತ್ತದೆ. ಬಟ್ಟೆಯ ಅಳತೆ ಸರಿಹೋಗದೆ ಹಿಂತಿರುಗಿಸಿದ್ದು ನೆನಪಿದೆಯೇ ನೋಡಿ. ಇದಕ್ಕೇ ಗುರಿಗಿಂತ ಹತ್ತು ಶೇಕಡ ಹೆಚ್ಚು ಖರ್ಚಾಗುವಂತೆ ಯೋಜಿಸುವುದು ಒಳ್ಳೆಯದು.

ಮೂರನೆಯದು ಜಾಯ್ನಿಂಗ್ ಫೀ. ಅದನ್ನು ಕಟ್ಟಿದ ಮೇಲೇ ಬೋನಸ್ ಎಂಬ ಷರತ್ತು ಸಾಮಾನ್ಯ. ಅದೇ ಬ್ಯಾಂಕಿನ ಬೇರೆ ಕಾರ್ಡ್ ಇದ್ದವರಿಗೆ, ಅಥವಾ ಇತ್ತೀಚೆಗೆ ಮುಚ್ಚಿದವರಿಗೆ ಸ್ವಾಗತ ಕೊಡುಗೆ ಇಲ್ಲ ಎಂಬ ಸಾಲೂ ಷರತ್ತುಗಳ ತಳದಲ್ಲಿ ಅಡಗಿರುತ್ತದೆ.

ಇಷ್ಟೆಲ್ಲ ನೋಡಿಯೂ ನಿಮ್ಮ ಲೆಕ್ಕವೇ ಸರಿ ಎಂದಾದರೆ ಫೋನ್‌ನಲ್ಲಿ ವಾದ ಮಾಡುತ್ತ ಕೂರಬೇಡಿ, ಇಮೇಲ್‌ನಲ್ಲಿ ಬರೆಯಿರಿ. ಅರ್ಹ ಖರ್ಚುಗಳ ಪಟ್ಟಿ, ದಿನಾಂಕ, ಒಟ್ಟು ಮೊತ್ತ, ಕೊಡುಗೆಯ ಷರತ್ತಿನ ಚಿತ್ರ ಲಗತ್ತಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕ್‌ನ ಏಕೀಕೃತ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಎಂಬ ಅದರ ದೂರು ಪೋರ್ಟಲ್ ಮೂಲಕ ದೂರು ಕೊಡಬಹುದು, ಖರ್ಚಿಲ್ಲ. ಸಹಾಯವಾಣಿ 14448. ಷರತ್ತಿನ ಚಿತ್ರ ಇಲ್ಲದವರು ಇಲ್ಲೇ ಸೋಲುತ್ತಾರೆ. ಬ್ಯಾಂಕಿನ ಪುಟ ತಿಂಗಳಲ್ಲಿ ಬದಲಾಗಿರುತ್ತದೆ. ಅರ್ಜಿ ಹಾಕಿದ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಬೇಕು.

ಒಂದು ಮಾತು, ನೀವು ಕೇಳದಿದ್ದರೂ: ₹999 ಜಾಯ್ನಿಂಗ್ ಫೀ ಇದ್ದರೆ ಜಿಎಸ್‌ಟಿ ಸೇರಿ ₹1,179. ₹2,000ದ ವೋಚರ್‌ನಲ್ಲಿ ನಿಜವಾಗಿ ಉಳಿಯುವುದು ₹821. ಅದಕ್ಕಾಗಿ ಬೇಡದ ₹5,000ದ ಸಾಮಾನು ಕೊಂಡಿದ್ದರೆ ಬ್ಯಾಂಕ್ ಗೆದ್ದಿತು.

ಪ್ರಶ್ನೆ: ಹಾಗಾದರೆ ಇಂಥ ಬೋನಸ್‌ಗೆ ಅರ್ಜಿ ಹಾಕಲು ಸರಿಯಾದ ಸಮಯ ಯಾವುದು?

ಉತ್ತರ: ಹೇಗೂ ಮಾಡಲೇಬೇಕಾದ ದೊಡ್ಡ ಖರ್ಚು ಮುಂದಿರುವಾಗ. ಫ್ರಿಜ್, ಲ್ಯಾಪ್‌ಟಾಪ್, ಕುಟುಂಬದ ಪ್ರಯಾಣದ ಟಿಕೆಟ್ ಅಂಥವು. ಅದಕ್ಕೆ ಮೂರು ನಾಲ್ಕು ವಾರ ಮೊದಲು ಅರ್ಜಿ ಹಾಕಿದರೆ ಕಾರ್ಡ್ ಬರುವ ಹೊತ್ತಿಗೆ ಖರ್ಚೂ ಬರುತ್ತದೆ. ವಿಮೆಯ ಕಂತು, ಶಾಲೆಯ ಶುಲ್ಕ, ವಿದ್ಯುತ್ ಬಿಲ್, ತೆರಿಗೆ ಇವನ್ನು ಕೆಲವು ಕಾರ್ಡ್‌ಗಳು ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಬಿಡುತ್ತವೆ, ಇನ್ನು ಕೆಲವು ಮಿತಿ ಹಾಕುತ್ತವೆ. ಷರತ್ತು ಓದದೆ ಇವುಗಳ ಮೇಲೆ ಭಾರ ಹಾಕಬೇಡಿ.

ಕಾರ್ಡ್‌ನ ಲಿಮಿಟ್ ಎಷ್ಟು ಸಿಗುತ್ತದೆ ಎನ್ನುವುದೂ ಮುಖ್ಯ. ₹40,000 ಲಿಮಿಟ್ ಕೊಟ್ಟು ₹1,00,000 ಖರ್ಚಿನ ಗುರಿ ಇಟ್ಟರೆ ಮಧ್ಯೆ ಮಧ್ಯೆ ಬಿಲ್ ಕಟ್ಟಿ ಲಿಮಿಟ್ ತೆರವು ಮಾಡಿಕೊಳ್ಳುತ್ತ ಹೋಗಬೇಕಾಗುತ್ತದೆ.

ಪ್ರಶ್ನೆ: ದಿನಸಿಗೆ 5% ಕ್ಯಾಶ್‌ಬ್ಯಾಕ್ ಎಂಬ ಕಾರ್ಡ್ ಇದೆ. ಒಂದು ಅಂಗಡಿಯಲ್ಲಿ 5% ಬಂತು, ಪಕ್ಕದ ದೊಡ್ಡ ಮಳಿಗೆಯಲ್ಲಿ ಅದೇ ಅಕ್ಕಿ ಬೇಳೆ ಕೊಂಡರೆ 1% ಮಾತ್ರ. ಯಾಕೆ?

ಉತ್ತರ: ನೀವು ಏನು ಕೊಂಡಿರಿ ಎನ್ನುವುದು ಬ್ಯಾಂಕಿಗೆ ಕಾಣುವುದಿಲ್ಲ. ಅದು ಯಾವ ಬಗೆಯ ವ್ಯಾಪಾರ ಎಂದು ಹೇಳಲು ಅಂಗಡಿಗೆ ಅಂಟಿಸಿದ ನಾಲ್ಕಂಕಿಯ ಎಂಸಿಸಿ ಸಂಕೇತ ಮಾತ್ರ ಕಾಣುತ್ತದೆ. ದಿನಸಿ ಅಂಗಡಿ, ಸೂಪರ್ ಮಾರ್ಕೆಟ್‌ಗೆ 5411. ಬಟ್ಟೆ, ಪಾತ್ರೆ, ದಿನಸಿ ಎಲ್ಲ ಮಾರುವ ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ 5311. ನೀವು ಹೇಳಿದ ದೊಡ್ಡ ಮಳಿಗೆ ಬಹುಶಃ ಎರಡನೆಯದರಲ್ಲಿ ನೋಂದಾಯಿತ. ಪೆಟ್ರೋಲ್ ಬಂಕ್ 5541, ವಾಲೆಟ್ ಭರ್ತಿ 6540, ಬಾಡಿಗೆ 6513, ವಿದ್ಯುತ್ತು ನೀರು 4900. ಬ್ಯಾಂಕ್ ‘ಇಂಥವಕ್ಕೆ ಇಲ್ಲ’ ಎಂದು ಷರತ್ತಿನಲ್ಲಿ ಬರೆಯುವುದು ಇದೇ ಸಂಕೇತಗಳನ್ನು. ಹೊಸ ಅಂಗಡಿಯಲ್ಲಿ ಮೊದಲು ₹200–300ರ ಬಿಲ್ ಮಾಡಿ, ಕ್ಯಾಶ್‌ಬ್ಯಾಕ್ ಎಷ್ಟು ಬಿತ್ತು ನೋಡಿ, ಆಮೇಲೆ ತಿಂಗಳ ಸಾಮಾನು ತನ್ನಿ.

ಮಿತಿಯನ್ನೂ ನೋಡಿ. 5% ಎಂದರೂ ತಿಂಗಳಿಗೆ ಗರಿಷ್ಠ ₹500 ಎಂದಿದ್ದರೆ ₹10,000ಕ್ಕೇ ಮುಗಿಯಿತು. ಅದರಾಚೆಯ ಖರ್ಚಿಗೆ ಇನ್ನೊಂದು ಕಾರ್ಡ್ ಹೊರಗೆ ತೆಗೆಯಿರಿ. ಮಿತಿ ಬಿಲ್ಲಿಂಗ್ ತಿಂಗಳಿಗೋ ಕ್ಯಾಲೆಂಡರ್ ತಿಂಗಳಿಗೋ ಎಂದು ತಿಳಿದಿರಲಿ.

ಪ್ರಶ್ನೆ: ಬಿಲ್ ₹40,000 ಬಂದಾಗ ₹2,000 ಮಿನಿಮಮ್ ಕಟ್ಟಿ ಉಳಿದದ್ದನ್ನು ಮುಂದಿನ ತಿಂಗಳು ಕಟ್ಟುತ್ತೇನೆ. ಪಾಯಿಂಟ್ ಹೇಗೂ ಬರುತ್ತಿವೆ. ತೊಂದರೆ ಇದೆಯೇ?

ಉತ್ತರ: ಇದೆ, ದೊಡ್ಡದೇ ಇದೆ. ತಿಂಗಳಿಗೆ 3.5% ಬಡ್ಡಿ ಎಂದರೆ ವರ್ಷಕ್ಕೆ 42%. ಉಳಿಸಿಕೊಂಡ ₹38,000ಕ್ಕೆ ಒಂದು ತಿಂಗಳಿಗೆ ₹1,330, ಅದರ ಮೇಲೆ ಜಿಎಸ್‌ಟಿ ₹239, ಒಟ್ಟು ₹1,569. ನಿಮ್ಮ ₹40,000ಕ್ಕೆ 1% ಲೆಕ್ಕದಲ್ಲಿ ಬಂದ ಪಾಯಿಂಟ್‌ಗಳ ಬೆಲೆ ₹400. ಈ ಬಡ್ಡಿಯನ್ನು ಪಾಯಿಂಟ್‌ನಿಂದ ತುಂಬಲು ಸುಮಾರು ₹1,57,000 ಖರ್ಚು ಮಾಡಬೇಕು.

ವಾಸ್ತವದ ಲೆಕ್ಕ ಇದಕ್ಕಿಂತ ಕೆಟ್ಟದು. ಬಡ್ಡಿ ಬಿಲ್ ಕಟ್ಟುವ ಕೊನೆಯ ದಿನದಿಂದಲ್ಲ, ಪ್ರತಿ ಖರೀದಿಯ ದಿನದಿಂದ ಎಣಿಸುತ್ತಾರೆ. ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಇಂದು ಕೊಂಡ ಹಾಲಿಗೆ ಇಂದಿನಿಂದಲೇ ಬಡ್ಡಿ. 30% ಮೀರಿದ ಬಡ್ಡಿ ತಪ್ಪು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಆ ಆಸರೆಯೂ ಈಗಿಲ್ಲ.

ಮೊದಲು ಇರುವ ಬಾಕಿ ತೀರಿಸಿ. ಅಲ್ಲಿಯವರೆಗೆ ಆ ಕಾರ್ಡ್ ಉಜ್ಜಬೇಡಿ. ಆಮೇಲೆ ಆಟೋ ಡೆಬಿಟ್ ಹಾಕುವಾಗ ‘ಟೋಟಲ್ ಅಮೌಂಟ್ ಡ್ಯೂ’ ಆರಿಸಿ. ಎಷ್ಟೋ ಜನ ‘ಮಿನಿಮಮ್’ ಆರಿಸಿಟ್ಟು, ಬಿಲ್ ಪೂರ್ತಿ ಹೋಗುತ್ತಿದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಸಂಬಳದ ದಿನಕ್ಕೂ ಬಿಲ್ ಕಟ್ಟುವ ದಿನಕ್ಕೂ ಹೊಂದುತ್ತಿಲ್ಲವಾದರೆ ಬಿಲ್ಲಿಂಗ್ ಚಕ್ರವನ್ನು ಬದಲಾಯಿಸಿಕೊಳ್ಳಿ, ಕನಿಷ್ಠ ಒಂದು ಸಲ ಆ ಅವಕಾಶ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಕೊನೆಯ ದಿನ ಕಳೆದು 3 ದಿನ ದಾಟುವವರೆಗೆ ತಡಪಾವತಿ ದಂಡ ಹಾಕುವಂತಿಲ್ಲ, ಸಾಲಗಾರರ ಪಾವತಿಯ ದಾಖಲೆ ಇಡುವ ಕ್ರೆಡಿಟ್ ಬ್ಯೂರೋಗೆ ವರದಿ ಮಾಡುವಂತಿಲ್ಲ. ಬಡ್ಡಿಗೆ ಈ ರಿಯಾಯಿತಿ ಇಲ್ಲ ಎನ್ನುವುದು ನೆನಪಿರಲಿ.

ಪ್ರಶ್ನೆ: ಬೋನಸ್‌ಗಾಗಿ ಐದು ತಿಂಗಳಲ್ಲಿ ನಾಲ್ಕು ಕಾರ್ಡ್ ಮಾಡಿಸಿದೆ. ಸಿಬಿಲ್ ಸ್ಕೋರ್ ಇಳಿದಿದೆ. ಮುಂದಿನ ವರ್ಷ ಮನೆ ಸಾಲ ತೆಗೆಯಬೇಕು. ಎಲ್ಲ ಕಾರ್ಡ್ ಮುಚ್ಚಿಬಿಡಲೇ?

ಉತ್ತರ: ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ. ಸ್ಕೋರ್ ಇಳಿದದ್ದಕ್ಕೆ ಒಂದು ಕಾರಣ, ಪ್ರತಿ ಅರ್ಜಿಗೂ ಬ್ಯಾಂಕ್ ನಿಮ್ಮ ವರದಿ ತರಿಸಿ ನೋಡಿದ್ದು. ಇನ್ನೊಂದು, ಹೊಸ ಖಾತೆಗಳು ಸೇರಿ ಖಾತೆಗಳ ಸರಾಸರಿ ವಯಸ್ಸು ಕಡಿಮೆಯಾದದ್ದು. ಎರಡೂ ಕಾಲ ಕಳೆದಂತೆ ಸರಿಹೋಗುತ್ತವೆ. ಈಗ ಎಲ್ಲವನ್ನೂ ಮುಚ್ಚಿದರೆ ಒಟ್ಟು ಲಿಮಿಟ್ ಕುಗ್ಗುತ್ತದೆ, ಉಳಿದ ಕಾರ್ಡ್‌ನ ಬಳಕೆಯ ಪ್ರಮಾಣ ಏರುತ್ತದೆ. ಒಟ್ಟು ₹4,00,000 ಲಿಮಿಟ್‌ನಲ್ಲಿ ₹60,000 ಬಾಕಿ ಎಂದರೆ 15%. ಅದೇ ₹60,000 ಒಂದೇ ₹1,00,000ದ ಕಾರ್ಡ್‌ನಲ್ಲಿ ಇದ್ದರೆ 60%. 30%ರ ಒಳಗಿರಲಿ ಎನ್ನುವುದು ಬಳಕೆಯಲ್ಲಿರುವ ಅಳತೆ.

ಇನ್ನು ಮೇಲೆ ಹೊಸ ಅರ್ಜಿ ನಿಲ್ಲಿಸಿ. ಸಾಲದ ಅರ್ಜಿಗೆ ಮೊದಲಿನ ಆರು ತಿಂಗಳಲ್ಲಂತೂ ಒಂದೂ ಬೇಡ. ಶುಲ್ಕವಿಲ್ಲದ ಕಾರ್ಡ್‌ಗಳನ್ನು, ಅದರಲ್ಲೂ ಎಲ್ಲಕ್ಕಿಂತ ಹಳೆಯದನ್ನು ಇಟ್ಟುಕೊಳ್ಳಿ. ಶುಲ್ಕ ಇರುವ, ಉಪಯೋಗವಿಲ್ಲದ ಒಂದೆರಡನ್ನು ವಾರ್ಷಿಕ ಶುಲ್ಕ ಬೀಳುವ ತಿಂಗಳಿಗೆ ಮೊದಲು ಮುಚ್ಚಿ. ದೊಡ್ಡ ಖರ್ಚು ಮಾಡಿದ ತಿಂಗಳು ಸ್ಟೇಟ್‌ಮೆಂಟ್ ತಯಾರಾಗುವ ಮೊದಲೇ ಒಂದಷ್ಟು ಕಟ್ಟಿಬಿಟ್ಟರೆ ಬ್ಯೂರೋಗೆ ಹೋಗುವ ಬಾಕಿ ಕಡಿಮೆ ಕಾಣುತ್ತದೆ. 2025ರ ಜನವರಿಯಿಂದ ಬ್ಯಾಂಕ್‌ಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ವರದಿ ಕಳಿಸಬೇಕಾಗಿರುವುದರಿಂದ ಪರಿಣಾಮ ಬೇಗ ಕಾಣುತ್ತದೆ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತರಿಸಿ, ನಿಮ್ಮದಲ್ಲದ ಖಾತೆ ನುಸುಳಿದೆಯೇ ನೋಡಿ.

ಮುಚ್ಚುವ ಮೊದಲು ಪಾಯಿಂಟ್‌ಗಳನ್ನು ಬಳಸಿಬಿಡಿ, ಮುಚ್ಚಿದ ಮೇಲೆ ಸಾಮಾನ್ಯವಾಗಿ ಅವು ಹೋದಂತೆ. ಆ ಕಾರ್ಡ್‌ಗೆ ಜೋಡಿಸಿದ ಓಟಿಟಿ ಚಂದಾ, ವಿಮೆ ಕಂತು ಬೇರೆ ಕಡೆ ವರ್ಗಾಯಿಸಿ. ಬಾಕಿ ಸೊನ್ನೆ ಮಾಡಿ ಲಿಖಿತವಾಗಿ ಕೇಳಿ. ರಿಸರ್ವ್ ಬ್ಯಾಂಕ್‌ನ ನಿರ್ದೇಶನದ ಪ್ರಕಾರ ಬಾಕಿ ಇಲ್ಲದ ಕಾರ್ಡನ್ನು 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದ ಪ್ರತಿ ದಿನಕ್ಕೆ ₹500 ನಿಮಗೆ ಕೊಡಬೇಕು. ಇದನ್ನು ಇಮೇಲ್‌ನಲ್ಲಿ ಒಂದು ಸಾಲು ನೆನಪಿಸಿದರೆ ಕೆಲಸ ಚುರುಕಾಗುತ್ತದೆ. ‘ಶುಲ್ಕ ಮನ್ನಾ ಮಾಡುತ್ತೇವೆ, ಇಟ್ಟುಕೊಳ್ಳಿ’ ಎಂಬ ಕರೆ ಬಂದರೆ ಎಷ್ಟು ಖರ್ಚಿನ ಷರತ್ತು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಂಡು ನಿರ್ಧರಿಸಿ.

ಪ್ರಶ್ನೆ: ‘ವರ್ಷಕ್ಕೆ ₹1,00,000 ಖರ್ಚಾದರೆ ಶುಲ್ಕ ಮನ್ನಾ’ ಎಂದಿತ್ತು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಅಷ್ಟು ಮುಗಿಸಿದ್ದರೂ ಶುಲ್ಕ ಬಿದ್ದಿದೆ.

ಉತ್ತರ: ಅಲ್ಲಿನ ವರ್ಷ ಹಣಕಾಸು ವರ್ಷವಲ್ಲ, ಕಾರ್ಡ್‌ನ ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ. ಆಗಸ್ಟ್ 18ಕ್ಕೆ ಮಂಜೂರಾದ ಕಾರ್ಡ್‌ಗೆ ಮುಂದಿನ ಆಗಸ್ಟ್ 17ರ ಒಳಗೆ. ಹತ್ತನೇ ತಿಂಗಳಲ್ಲಿ ಒಮ್ಮೆ ಆ್ಯಪ್‌ನಲ್ಲಿ ಎಷ್ಟಾಗಿದೆ ನೋಡಿ. ₹8,000 ಕಡಿಮೆ ಇದ್ದರೆ ಹೇಗೂ ಬೇಕಾದ ಖರ್ಚನ್ನು ಸ್ವಲ್ಪ ಮೊದಲೇ ಮಾಡಿಬಿಡಬಹುದು. ₹40,000 ಕಡಿಮೆ ಇದ್ದರೆ ಶುಲ್ಕ ಕಟ್ಟುವುದೇ ಅಗ್ಗ.

ಪ್ರಶ್ನೆ: ಯುಪಿಐಗೆ ಜೋಡಿಸುವ ರುಪೇ ಕ್ರೆಡಿಟ್ ಕಾರ್ಡ್‌ನಿಂದ ತಮ್ಮನಿಗೆ ಹಣ ಕಳಿಸಲು ಹೋದರೆ ಆಗುತ್ತಿಲ್ಲ.

ಉತ್ತರ: ಆಗುವುದಿಲ್ಲ. 2022ರಲ್ಲಿ ಬಂದ ಈ ಸೌಲಭ್ಯ ವ್ಯಾಪಾರಿಗಳಿಗೆ ಪಾವತಿ ಮಾಡಲು ಮಾತ್ರ. ವೈಯಕ್ತಿಕ ಖಾತೆಯ ಕ್ಯೂಆರ್ ಅಂಟಿಸಿಕೊಂಡ ಅಂಗಡಿಯಲ್ಲೂ ನಡೆಯುವುದಿಲ್ಲ. ಯುಪಿಐ ಪಾವತಿಗೆ ಬೇರೆಯೇ, ಕಡಿಮೆ ದರದ ಪಾಯಿಂಟ್ ಇರಬಹುದು. ಮೇಲೆ ಹೇಳಿದ ಬಿಡಿ ಮೊತ್ತದ ತೂತು ಇಲ್ಲಿ ಎಲ್ಲಕ್ಕಿಂತ ದೊಡ್ಡದು.

ಪ್ರಶ್ನೆ: ನಮ್ಮ ಭಾವನವರು ಅವರ ಅಂಗಡಿಯ ಖರೀದಿಯನ್ನೆಲ್ಲ ನನ್ನ ಕಾರ್ಡ್‌ನಲ್ಲಿ ಮಾಡಿ, ಹಣ ನನ್ನ ಖಾತೆಗೆ ಹಾಕುತ್ತಾರೆ. ಪಾಯಿಂಟ್ ನನಗೆ. ತಿಂಗಳಿಗೆ ಒಂದು ಲಕ್ಷದ ಹತ್ತಿರ ಹೋಗುತ್ತದೆ. ಪರವಾಗಿಲ್ಲವೇ?

ಉತ್ತರ: ಭಾವನವರಿಗೆ ಬೇಸರವಾಗದಂತೆ ನಿಲ್ಲಿಸುವುದು ಒಳ್ಳೆಯದು. ಒಂದು ಹಣಕಾಸು ವರ್ಷದಲ್ಲಿ ಕಾರ್ಡ್ ಬಿಲ್‌ಗೆ ಕಟ್ಟಿದ್ದು ₹10 ಲಕ್ಷ ಮುಟ್ಟಿದರೆ, ನಗದಿನಲ್ಲಾದರೆ ₹1 ಲಕ್ಷ ಮುಟ್ಟಿದರೆ, ಬ್ಯಾಂಕ್ ಅದನ್ನು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಬೇಕು. ನಿಮ್ಮ ಲೆಕ್ಕ ₹12 ಲಕ್ಷ. ಆದಾಯ ಆರು ಲಕ್ಷ ತೋರಿಸಿ ಹನ್ನೆರಡು ಲಕ್ಷದ ಬಿಲ್ ಕಟ್ಟಿದವರಿಗೆ ಪ್ರಶ್ನೆ ಬಂದರೆ ಪ್ರತಿ ಖರೀದಿಗೂ ವಿವರಣೆ ಕೊಡಬೇಕಾಗುತ್ತದೆ. ವೈಯಕ್ತಿಕ ಕಾರ್ಡನ್ನು ವ್ಯಾಪಾರಕ್ಕೆ ಬಳಸಿದರೆ ಪಾಯಿಂಟ್ ತಡೆಹಿಡಿಯುವ, ಕಾರ್ಡನ್ನೇ ನಿಲ್ಲಿಸುವ ಷರತ್ತು ಬಹಳ ಬ್ಯಾಂಕ್‌ಗಳಲ್ಲಿದೆ. ಒಂದು ತಿಂಗಳು ಅವರ ಹಣ ತಡವಾದರೆ ಬಡ್ಡಿ, ದಂಡ, ಕೆಟ್ಟ ಸ್ಕೋರ್ ಎಲ್ಲ ನಿಮ್ಮ ಹೆಸರಿಗೆ. 1% ಸಿಕ್ಕರೆ ತಿಂಗಳಿಗೆ ₹1,000, ಅದಕ್ಕೆ ಇಷ್ಟು ಅಪಾಯ.

ಪ್ರಶ್ನೆ: ‘ನೋ ಕಾಸ್ಟ್ ಇಎಂಐ’ಯಲ್ಲಿ ₹30,000ದ ಫೋನ್ ಕೊಂಡರೆ ನಿಜಕ್ಕೂ ಖರ್ಚಿಲ್ಲವೇ? ಪಾಯಿಂಟ್ ಬರುತ್ತದೆಯೇ?

ಉತ್ತರ: ಬಡ್ಡಿಯನ್ನು ಮಾರುವವರು ರಿಯಾಯಿತಿಯಾಗಿ ಮೊದಲೇ ಕಳೆಯುತ್ತಾರೆ, ಬ್ಯಾಂಕ್ ಅದನ್ನು ನಿಮ್ಮಿಂದ ಕಂತಿನಲ್ಲಿ ವಸೂಲು ಮಾಡುತ್ತದೆ. ಅಲ್ಲಿಗೆ ಸಮ. ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೆ. 15% ದರದಲ್ಲಿ 6 ಕಂತಿಗೆ ಬಡ್ಡಿ ಸುಮಾರು ₹1,270, ಅದರ ಜಿಎಸ್‌ಟಿ ₹229. ಪ್ರೊಸೆಸಿಂಗ್ ಫೀ ₹199 ಇದ್ದರೆ ತೆರಿಗೆ ಸೇರಿ ₹235. ಒಟ್ಟು ₹464. ಇಎಂಐಗೆ ಪಾಯಿಂಟ್ ಸಾಮಾನ್ಯವಾಗಿ ಇಲ್ಲ, 1% ಕಾರ್ಡ್‌ನಲ್ಲಿ ಆ ₹300ವೂ ಹೋಯಿತು. ಪೂರ್ತಿ ಹಣ ಕೊಟ್ಟವರಿಗೆ ಬೇರೆ ರಿಯಾಯಿತಿ ಇದೆಯೇ ಎಂದೂ ಕೇಳಿ.

ಪ್ರಶ್ನೆ: ಪೆಟ್ರೋಲ್‌ಗೆ ‘ಸರ್‌ಚಾರ್ಜ್ ಮನ್ನಾ’ ಇದ್ದರೂ ಸ್ಟೇಟ್‌ಮೆಂಟ್‌ನಲ್ಲಿ ಐದಾರು ರೂಪಾಯಿ ಹೆಚ್ಚು ಬೀಳುತ್ತಿದೆ.

ಉತ್ತರ: ₹3,000ಕ್ಕೆ 1% ಸರ್‌ಚಾರ್ಜ್ ₹30, ಅದಕ್ಕೆ ಜಿಎಸ್‌ಟಿ ₹5.40. ₹30 ವಾಪಸ್ ಬರುತ್ತದೆ, ತೆರಿಗೆ ಬರುವುದಿಲ್ಲ. ಮನ್ನಾಕ್ಕೆ ಕನಿಷ್ಠ, ಗರಿಷ್ಠ ಮೊತ್ತಗಳೂ ಇರುತ್ತವೆ, ₹400ರಿಂದ ₹5,000 ಎಂಬಂತೆ. ಅದರ ಹೊರಗೆ ಹೋದರೆ ಪೂರ್ತಿ ಸರ್‌ಚಾರ್ಜ್ ನಿಮ್ಮದೇ.

ಪ್ರಶ್ನೆ: ವಿದೇಶ ಪ್ರವಾಸಕ್ಕೆ ನನ್ನ 2% ಕಾರ್ಡ್ ಸಾಕೇ?

ಉತ್ತರ: ವಿದೇಶಿ ಕರೆನ್ಸಿ ಖರ್ಚಿಗೆ 3.5% ಮಾರ್ಕಪ್ (ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ) ಇದ್ದರೆ ಜಿಎಸ್‌ಟಿ ಸೇರಿ 4.13%. ನಿಮ್ಮ 2% ಕಳೆದರೂ ನೂರಕ್ಕೆ ₹2.13 ನಷ್ಟ. ಮಾರ್ಕಪ್ ಇಲ್ಲದ ಕಾರ್ಡ್‌ನಲ್ಲಿ ಒಂದೂ ಪಾಯಿಂಟ್ ಬರದಿದ್ದರೂ ಅದೇ ಮೇಲು. ಅಲ್ಲಿನ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಬೇಡ ಎನ್ನಿ, ಆ ದೇಶದ ಕರೆನ್ಸಿಯನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಅಂಗಡಿಯ ಕಡೆಯವರು ತಮಗೆ ಬೇಕಾದಂತೆ ಹಾಕುತ್ತಾರೆ.

ಪ್ರಶ್ನೆ: ‘ನಿಮ್ಮ 8,450 ಪಾಯಿಂಟ್ ಇಂದು ರಾತ್ರಿ ಮುಗಿಯುತ್ತದೆ, ಈ ಲಿಂಕ್ ಒತ್ತಿ’ ಎಂಬ ಸಂದೇಶ ಬಂದಿದೆ. ಒತ್ತಬಹುದೇ?

ಉತ್ತರ: ಬೇಡ. ಪಾಯಿಂಟ್ ಉಳಿದಿವೆಯೇ ಎಂದು ಬ್ಯಾಂಕಿನ ಆ್ಯಪ್ ತೆರೆದು ನೀವೇ ನೋಡಿ. ಎಪಿಕೆ ಫೈಲ್ (ಫೋನ್‌ಗೆ ಆ್ಯಪ್ ಹಾಕುವ ಫೈಲ್) ಕಳಿಸಿದರೆ ಇಳಿಸಿಕೊಳ್ಳಬೇಡಿ, ಅದು ನಿಮ್ಮ ಓಟಿಪಿ ಸಂದೇಶಗಳನ್ನು ಓದುವ ಕಳ್ಳ. ಪಾಯಿಂಟ್ ಜಮೆ ಮಾಡಲು ಸಿವಿವಿ, ಓಟಿಪಿ ಯಾವ ಬ್ಯಾಂಕಿಗೂ ಬೇಡ. ಈಗಾಗಲೇ ಒತ್ತಿ ವಿವರ ಕೊಟ್ಟಿದ್ದರೆ ಇದನ್ನು ಓದುವುದನ್ನು ನಿಲ್ಲಿಸಿ, ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಓಟಿಪಿ ನೀವೇ ಕೊಟ್ಟ ಪ್ರಕರಣದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ತಿಳಿಸಿದ ಹೊತ್ತು ಮತ್ತು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.